ಅಮೆರಿಕದವರು ಅಡಿಕೆ ತಿನ್ನುವುದಿಲ್ಲವಲ್ಲ: ಪ್ರಬಲ ರಾಷ್ಟ್ರವೂ ಉಳಿದ ದೇಶಗಳೂ ಒಂದನ್ನೊಂದು ಬಾಗಿಸುವ ಬಗೆ

2025ರ ಆಗಸ್ಟ್ 27ರಿಂದ ಭಾರತದ ಹಲವು ಸರಕುಗಳ ಮೇಲೆ ಅಮೆರಿಕ ಶೇ. 50ರ ಸುಂಕ ವಿಧಿಸಿದ ವಾರ, ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಅಡಿಕೆ ಮಂಡಿಯೊಂದರ ಜಗಲಿಯಲ್ಲಿ ಧಾರಣೆ ಕೇಳಲು ಕುಳಿತಿದ್ದವರ ನಡುವೆ ಇದೇ ಮಾತು ನಡೆದಿತ್ತು. ಪತ್ರಿಕೆ ಮಡಿಚಿ ಪಕ್ಕಕ್ಕಿಟ್ಟ ಹಿರಿಯರೊಬ್ಬರು, "ಅಮೆರಿಕದವ್ರು ಅಡಿಕೆ ತಿಂತಾರಾ ಮಾರಾಯ್ರೆ? ತಿನ್ನಲ್ಲ ಅಂದ್ಮೇಲೆ ಅವರ ಸುಂಕ ಕಟ್ಕೊಂಡು ನಮಗೇನಾಗ್ಬೇಕು?" ಎಂದರು. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಆದರೆ ಆ ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ. ಅಡಿಕೆಯ ಮಟ್ಟಿಗೆ ಅವರ ಮಾತು ಬಹುತೇಕ ಸರಿ. ನಮ್ಮ ಅಡಿಕೆ ಹೆಚ್ಚಾಗಿ ನಮ್ಮ ದೇಶದೊಳಗೇ ಖರ್ಚಾಗುತ್ತದೆ. ಆದರೆ ಅದೇ ಹಿರಿಯರು ತೋಟಕ್ಕೆ ಹಾಕುವ ಪೊಟ್ಯಾಷ್ ಅಷ್ಟೂ ಹೊರದೇಶದಿಂದ ಬರುತ್ತದೆ, ಅವರು ಓಡಿಸುವ ಜೀಪಿನ ಡೀಸೆಲ್ಲಿನ ಬೆಲೆ ಡಾಲರಿನಲ್ಲಿ ನಿಗದಿಯಾಗುತ್ತದೆ, ಮಗಳ ಮದುವೆಗೆ ಕೊಳ್ಳಬೇಕಾದ ಚಿನ್ನದ ಧಾರಣೆ ಪರದೇಶದ ಯುದ್ಧವೊಂದರ ಜೊತೆಗೆ ಏರಿದೆ. ಬಲಾಢ್ಯ ದೇಶವೊಂದು ಉಳಿದ ದೇಶಗಳನ್ನು ಹೇಗೆ ಬಾಗಿಸುತ್ತದೆ, ಉಳಿದ ದೇಶಗಳು ಅದನ್ನು ತಿರುಗಿ ಹೇಗೆ ಬಾಗಿಸುತ್ತವೆ ಎಂಬುದನ್ನು ಮೊದಲಿನಿಂದ ನೋಡೋಣ.

ಹತ್ತು ಎಕರೆಯ ಒಡೆಯನೂ ಕೊನೆಗೌಡನೂ

ಪ್ರಾಬಲ್ಯ ಎಂದ ಕೂಡಲೇ ಸೈನ್ಯ, ಕ್ಷಿಪಣಿ, ಯುದ್ಧನೌಕೆಗಳು ಕಣ್ಣಿಗೆ ಬರುತ್ತವೆ. ರಾಜ್ಯಶಾಸ್ತ್ರದಲ್ಲಿ ಈ ಪದಕ್ಕಿರುವ ಅರ್ಥ ಇನ್ನೂ ಸರಳ: ಇನ್ನೊಬ್ಬರು ತಾವಾಗಿ ಮಾಡದ ಕೆಲಸವನ್ನು ಅವರಿಂದ ಮಾಡಿಸುವ, ಅಥವಾ ಮಾಡಹೊರಟಿದ್ದನ್ನು ಬಿಡಿಸುವ ಸಾಮರ್ಥ್ಯ. ಅದಕ್ಕೆ ಹೆದರಿಸಬಹುದು, ಏನನ್ನಾದರೂ ಕೊಟ್ಟು ಒಲಿಸಿಕೊಳ್ಳಬಹುದು, ಅಥವಾ ಅವರೇ ಮೆಚ್ಚಿ ಹಿಂದೆ ಬರುವಂತೆ ಬದುಕಿ ತೋರಿಸಬಹುದು. ಮೂರನೆಯದಕ್ಕೆ ಮೃದು ಶಕ್ತಿ ಎಂಬ ಹೆಸರು ಈಗ ಪತ್ರಿಕೆಗಳಲ್ಲೂ ಬಳಕೆಯಲ್ಲಿದೆ.

ಈ ಮೂರೂ ದಾರಿಗಳ ಬುಡದಲ್ಲಿರುವುದು ಅವಲಂಬನೆ. ಅದನ್ನು ಮಲೆನಾಡಿನವರಿಗೆ ವಿವರಿಸಲು ಕೊನೆಗೌಡನಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹತ್ತು ಎಕರೆ ತೋಟದ ಒಡೆಯನಿಗೆ ಊರಿನಲ್ಲಿ ಮರ್ಯಾದೆಯಿದೆ, ಬ್ಯಾಂಕಿನಲ್ಲಿ ಹಣವಿದೆ, ಸೊಸೈಟಿಯಲ್ಲಿ ಮಾತು ನಡೆಯುತ್ತದೆ. ಮರ ಹತ್ತಿ ಕೊನೆ, ಅಂದರೆ ಅಡಿಕೆಯ ಗೊನೆ, ಇಳಿಸುವ ಕೊನೆಗೌಡನಿಗೆ ಇರುವುದು ಒಂದು ಹಗ್ಗ, ಒಂದು ಕತ್ತಿ. ಆದರೆ ಕಾಯಿ ಹದಕ್ಕೆ ಬಂದ ಹದಿನೈದು ದಿನಗಳಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಹದ ಮೀರಿದರೆ ಕಾಯಿ ಹಣ್ಣಾಗಿ ಗೋಟು ಎಂಬ ಕಡಿಮೆ ಬೆಲೆಯ ಅಡಿಕೆಯಾಗುತ್ತದೆ, ಕೆಂಪಡಿಕೆಯ ಧಾರಣೆ ಕೈತಪ್ಪುತ್ತದೆ. ಆಗ ಒಡೆಯನೇ ದಿನಕ್ಕೆ ನಾಲ್ಕು ಸಲ ಫೋನು ಮಾಡುತ್ತಾನೆ, ಆ ಕಡೆಯಿಂದ ಬರುವ ಉತ್ತರ, "ನಾಡಿದ್ದು ನೋಡಾಣ ಅಯ್ಯಾ." ಮಳೆಗಾಲದಲ್ಲಿ ಚಿತ್ರ ಮತ್ತೆ ಬದಲಾಗುತ್ತದೆ. ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಮುಂಗಡಕ್ಕಾಗಿ ಜಗಲಿಯಲ್ಲಿ ಕಾಯುವವನು ಕೊನೆಗೌಡ.

ಇಬ್ಬರಿಗೂ ಇನ್ನೊಬ್ಬರು ಬೇಕು. ಯಾರ ಮಾತು ನಡೆಯುತ್ತದೆ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ: ಸಂಬಂಧ ಕಡಿದರೆ ಯಾರಿಗೆ ಹೆಚ್ಚು ನಷ್ಟ, ಮತ್ತು ಬದಲಿ ವ್ಯವಸ್ಥೆ ಯಾರಿಗೆ ಬೇಗ ಸಿಗುತ್ತದೆ. ಈಚೆಗೆ ಕೆಲವರು ನೆಲದ ಮೇಲೇ ನಿಂತು ಕೊನೆ ಕೊಯ್ಯುವ ಫೈಬರ್ ದೋಟಿ ತಂದಿದ್ದಾರೆ. ದೋಟಿ ಬಂದ ತೋಟದಲ್ಲಿ ಫೋನಿನ ಧ್ವನಿಯೂ ಸ್ವಲ್ಪ ಬದಲಾಗಿದೆ. ದೇಶಗಳ ನಡುವಿನ ಇಂಥ ಸಂಬಂಧವನ್ನು ವಿದ್ವಾಂಸರು ಅಸಮ ಪರಸ್ಪರಾವಲಂಬನೆ ಎನ್ನುತ್ತಾರೆ. ಪದ ಉದ್ದವಾದರೂ ವಿಷಯ ಇಷ್ಟೇ.

ಇಕ್ಕೇರಿಯ ಮೆಣಸು, ಗೋವೆಯ ಅಕ್ಕಿ

ಇದು ಹೊಸ ವಿದ್ಯಮಾನವೇನೂ ಅಲ್ಲ. 1623ರಲ್ಲಿ ಪೋರ್ಚುಗೀಸರ ರಾಯಭಾರಿಯೊಬ್ಬ ಗೋವೆಯಿಂದ ಹೊರಟು, ಘಟ್ಟ ಹತ್ತಿ, ಇಕ್ಕೇರಿಯಲ್ಲಿದ್ದ ಕೆಳದಿಯ ಅರಸ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ಅವನ ಜೊತೆಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಆ ಪಯಣವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆ ಕಾಲದ ಸಮುದ್ರದಲ್ಲಿ ಪೋರ್ಚುಗೀಸರೇ ಪ್ರಬಲರು. ಅರಬ್ಬೀ ಸಮುದ್ರದಲ್ಲಿ ಓಡಾಡುವ ವ್ಯಾಪಾರಿ ಹಡಗುಗಳು ಅವರಿಂದ ಕಾರ್ತಾಜ್ ಎಂಬ ಪರವಾನಗಿ ಚೀಟಿ ಪಡೆಯಬೇಕಿತ್ತು, ಅವರು ಹೇಳಿದ ಬಂದರಿನಲ್ಲಿ ಸುಂಕ ಕಟ್ಟಬೇಕಿತ್ತು; ಚೀಟಿಯಿಲ್ಲದ ಹಡಗು ಸಿಕ್ಕಿದರೆ ಸರಕು ಅವರ ವಶವಾಗುತ್ತಿತ್ತು. ಸಮುದ್ರ ಅವರ ಊರಿನದ್ದಲ್ಲ, ಮೆಣಸು ಅವರು ಬೆಳೆದದ್ದಲ್ಲ. ದಾರಿ ಮಾತ್ರ ಅವರ ಕೈಯಲ್ಲಿತ್ತು.

ಅಷ್ಟೊಂದು ಪ್ರಬಲನಾದವನು ಘಟ್ಟ ಹತ್ತಿ ಬರುವ ಅಗತ್ಯವೇನಿತ್ತು? ಯುರೋಪಿಗೆ ಬೇಕಾದ ಕಾಳುಮೆಣಸು ಘಟ್ಟದ ಈ ಮಗ್ಗುಲಿನಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ, ಗೋವೆ ನಗರದ ಊಟದ ಅಕ್ಕಿಯ ದೊಡ್ಡ ಪಾಲು ಬಸರೂರು, ಮಂಗಳೂರುಗಳ ಕಡೆಯ ಕೆನರಾ ಕರಾವಳಿಯಿಂದ ಹೋಗುತ್ತಿತ್ತು. ಕೆಳದಿಯವರಿಗೆ ಹೊರಗಿನ ಕುದುರೆ ಬೇಕು, ಮೆಣಸಿಗೆ ಗಿರಾಕಿ ಬೇಕು. ಗೋವೆಯವರಿಗೆ ಮೆಣಸೂ ಬೇಕು, ಅನ್ನವೂ ಬೇಕು. ಪೋರ್ಚುಗೀಸರಿಗೆ ಡಚ್ಚರೆಂಬ ಎದುರಾಳಿಗಳು ಹುಟ್ಟಿಕೊಂಡಾಗ ತಕ್ಕಡಿ ಇತ್ತ ವಾಲಿತು. 1650ರ ದಶಕದ ಮೊದಲ ವರ್ಷಗಳಲ್ಲಿ ಶಿವಪ್ಪ ನಾಯಕ ಹೊನ್ನಾವರ, ಬಸರೂರು, ಗಂಗೊಳ್ಳಿಯ ಪೋರ್ಚುಗೀಸ್ ಕೋಟೆಗಳನ್ನು ಗೆದ್ದುಕೊಂಡ. ಆಮೇಲೆ ಅವನ ವಂಶದವರೇ ಪೋರ್ಚುಗೀಸರೊಡನೆ ಮತ್ತೆ ಒಪ್ಪಂದ ಮಾಡಿಕೊಂಡರು, ಏಕೆಂದರೆ ಗಿರಾಕಿ ಬೇಕಿತ್ತು.

ಈ ಕೊಡುಕೊಳೆಯ ಗುರುತು ನಮ್ಮ ಮಾತಿನಲ್ಲೂ ಉಳಿದಿದೆ. ಕನ್ನಡದಲ್ಲಿ ಮೆಣಸು ಎಂದರೆ ಮೂಲತಃ ಬಳ್ಳಿಯಲ್ಲಿ ಬಿಡುವ ಕಾಳು. ಪೋರ್ಚುಗೀಸರು ಅಮೆರಿಕ ಖಂಡದಿಂದ ತಂದ ಖಾರದ ಕಾಯಿಗೆ ನಮ್ಮಲ್ಲಿ ಹೆಸರಿರಲಿಲ್ಲ. ಮೆಣಸಿನ ಹಾಗೆ ಖಾರ, ಆದರೆ ಕಾಯಿ, ಹಾಗಾಗಿ ಅದು ಮೆಣಸಿನಕಾಯಿಯಾಯಿತು. ಈಗ ಒಗ್ಗರಣೆಗೆ ಹಾಕುವ ಮೊದಲು ಅದು ಪರದೇಶದ್ದೆಂದು ಯಾರೂ ನೆನೆಯುವುದಿಲ್ಲ. ಸೊರಬ, ಸಾಗರದ ಕಡೆ ಎಕರೆಗಟ್ಟಲೆ ಬೆಳೆಯುವ ಅನಾನಸಿನ ಕಥೆಯೂ ಅದೇ.

ಡಾಲರ್ ಎಂಬ ಹೊಸ ಕಾರ್ತಾಜ್

ಇಂದಿನ ಕಾರ್ತಾಜ್ ಕಾಗದದ ಚೀಟಿಯಲ್ಲ, ಅದು ಡಾಲರ್. ಇದನ್ನು ತಿಳಿಯಲು ಮಂಡಿಯನ್ನೇ ನೆನೆಯೋಣ. ಪೇಟೆಯ ದೊಡ್ಡ ಮಂಡಿಯೊಂದು ಬರೆದುಕೊಟ್ಟ ಚೀಟಿಯನ್ನು ಕಿರಾಣಿ ಅಂಗಡಿ, ಬಟ್ಟೆ ಅಂಗಡಿ, ಗೊಬ್ಬರದಂಗಡಿ ಎಲ್ಲರೂ ಹಣದಂತೆಯೇ ಒಪ್ಪುತ್ತಾರೆ ಎಂದುಕೊಳ್ಳಿ. ಎಲ್ಲರೂ ಒಪ್ಪುವುದರಿಂದ ಎಲ್ಲರಿಗೂ ಆ ಚೀಟಿಯೇ ಬೇಕಾಗುತ್ತದೆ. ಎಲ್ಲರಿಗೂ ಬೇಕಾಗುವುದರಿಂದ ಅದನ್ನು ಮತ್ತಷ್ಟು ಜನ ಒಪ್ಪುತ್ತಾರೆ. ಕೊನೆಗೊಂದು ದಿನ ಮಂಡಿಯ ಯಜಮಾನ, "ಇಂಥವರೊಡನೆ ವ್ಯವಹಾರ ಮಾಡಿದವರಿಗೆ ನನ್ನ ಚೀಟಿ ಇಲ್ಲ" ಎಂದರೆ, ಆ ಇಂಥವರು ಊಟಕ್ಕೂ ಪರದಾಡಬೇಕಾಗುತ್ತದೆ.

1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳ ಪ್ರತಿನಿಧಿಗಳು ಸೇರಿ, ಉಳಿದ ನಾಣ್ಯಗಳ ಬೆಲೆಯನ್ನು ಡಾಲರಿಗೂ ಡಾಲರಿನ ಬೆಲೆಯನ್ನು ಔನ್ಸಿಗೆ 35 ಡಾಲರಿನಂತೆ ಚಿನ್ನಕ್ಕೂ ಕಟ್ಟಿದರು. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಚಿನ್ನದ ಕಟ್ಟನ್ನು ಬಿಚ್ಚಿದರು. ಚಿನ್ನದ ಆಸರೆ ಹೋದರೂ ರೂಢಿ ಹೋಗಲಿಲ್ಲ. ಇಂದಿಗೂ ಜಗತ್ತಿನ ಕೇಂದ್ರ ಬ್ಯಾಂಕುಗಳು ಕಾಪಿಟ್ಟ ವಿದೇಶಿ ನಾಣ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಡಾಲರೇ. ಇದರ ಬಲ ಎಷ್ಟೆಂಬುದನ್ನು ಒಂದು ಕಾಲದ ಪ್ರಬಲ ರಾಷ್ಟ್ರವಾದ ಬ್ರಿಟನ್ನೇ ಮೊದಲು ಅನುಭವಿಸಿತು. 1956ರಲ್ಲಿ ಸೂಯೆಜ್ ಕಾಲುವೆಗಾಗಿ ಅದು ಫ್ರಾನ್ಸ್, ಇಸ್ರೇಲ್ ಜೊತೆಗೂಡಿ ಈಜಿಪ್ಟಿನ ಮೇಲೆ ಸೈನ್ಯ ಕಳಿಸಿದಾಗ ಪೌಂಡ್ ಕುಸಿಯತೊಡಗಿತು. ಸೈನ್ಯ ಹಿಂದೆಗೆಯುವ ತನಕ ನೆರವಿಲ್ಲವೆಂದು ಅಮೆರಿಕ ಹೇಳಿತು. ಬ್ರಿಟನ್ ಹಿಂದೆ ಸರಿಯಿತು. ಗುಂಡು ಹಾರಿಸದೆ ಮಿತ್ರನನ್ನೇ ಮಣಿಸಿದ ಪ್ರಸಂಗವದು.

ನಮ್ಮ ಅನುಭವ ಇನ್ನೂ ಹತ್ತಿರದ್ದು. ಇರಾನಿನಿಂದ ಭಾರತ ಬಹಳ ಕಾಲ ಕಚ್ಚಾತೈಲ ಕೊಳ್ಳುತ್ತಿತ್ತು. ಇರಾನಿನ ಮೇಲೆ ದಿಗ್ಬಂಧನ ಹೇರಿದ ಅಮೆರಿಕ, ಭಾರತಕ್ಕೆ ಕೊಟ್ಟಿದ್ದ ವಿನಾಯಿತಿಯನ್ನು 2019ರ ಮೇ ತಿಂಗಳಲ್ಲಿ ನಿಲ್ಲಿಸಿದಾಗ ನಾವು ಕೊಳ್ಳುವುದನ್ನು ಬಿಟ್ಟೆವು. ನಮ್ಮ ಮೇಲೆ ಯಾವ ಕಾನೂನೂ ಇರಲಿಲ್ಲ. ಆದರೆ ನಮ್ಮ ಬ್ಯಾಂಕುಗಳಿಗೂ ಕಂಪನಿಗಳಿಗೂ ಡಾಲರಿನ ದಾರಿ ಮುಚ್ಚಿಹೋಗುವ ಭಯವಿತ್ತು.

ಇದೇ ಬಲ ಹೆಚ್ಚು ಬಳಸಿದಷ್ಟೂ ಸವೆಯುತ್ತದೆ ಎಂಬುದು ವಿಷಯದ ಇನ್ನೊಂದು ಮುಖ. 2022ರಲ್ಲಿ ಯುಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದಾಗ ಪಾಶ್ಚಾತ್ಯ ದೇಶಗಳು ರಷ್ಯಾದ ಸುಮಾರು 30,000 ಕೋಟಿ ಡಾಲರ್ ಮೀಸಲು ಹಣವನ್ನು ಸ್ತಂಭನಗೊಳಿಸಿದವು. ಇತರ ದೇಶಗಳು ಇದನ್ನು ಗಮನಿಸದೆ ಇರಲಿಲ್ಲ. ಪರರ ಪೆಟ್ಟಿಗೆಯಲ್ಲಿಟ್ಟ ಹಣ ಬೇಕೆಂದಾಗ ಸಿಗದೆ ಹೋಗಬಹುದಾದರೆ, ಸ್ವಂತ ತಿಜೋರಿಯಲ್ಲಿಡಬಹುದಾದ ಚಿನ್ನವೇ ವಾಸಿ ಎಂದು ಹಲವು ಕೇಂದ್ರ ಬ್ಯಾಂಕುಗಳು ಲೆಕ್ಕ ಹಾಕಿದವು. 2022, 2023, 2024ರ ಮೂರೂ ವರ್ಷ ಅವು ಒಟ್ಟಾಗಿ ತಲಾ ಸಾವಿರ ಟನ್ನಿಗಿಂತ ಹೆಚ್ಚು ಚಿನ್ನ ಕೊಂಡವು. ಚಿನ್ನದ ಏರಿಕೆಗೆ ಬೇರೆ ಕಾರಣಗಳೂ ಇದ್ದವು, ಇದು ಅವುಗಳಲ್ಲಿ ಮುಖ್ಯವಾದದ್ದು. 2025ರಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ರೂಪಾಯಿ ದಾಟಿದಾಗ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮಾಂಗಲ್ಯ ಸರದ ತೂಕ ಇಳಿಸಿದ ತಾಯಂದಿರು, ತಮಗರಿವಿಲ್ಲದೆ, ಡಾಲರಿನ ಬಗ್ಗೆ ಹುಟ್ಟಿದ ಆ ಅನುಮಾನದ ಬೆಲೆಯನ್ನೂ ತೆತ್ತಿದ್ದಾರೆ.

ಸುಂಕವನ್ನು ಕಟ್ಟುವವರು ಯಾರು?

ಸುಂಕದ ವಿಷಯದಲ್ಲಿ ಬಹಳ ಜನರಿಗೆ ಒಂದು ತಪ್ಪು ಗ್ರಹಿಕೆಯಿದೆ. ಅಮೆರಿಕ ಭಾರತದ ಮೇಲೆ ಸುಂಕ ಹಾಕಿತು ಎಂದಾಗ ಆ ಹಣವನ್ನು ಭಾರತ ಕಟ್ಟುತ್ತದೆ ಎಂದು ಕೇಳಿಸುತ್ತದೆ. ನಿಜಕ್ಕೂ ಕಟ್ಟುವವನು, ಸರಕು ತರಿಸಿಕೊಳ್ಳುವ ಅಮೆರಿಕದ ವ್ಯಾಪಾರಿ. ಕಟ್ಟುವುದು ಅಲ್ಲಿನ ಸರ್ಕಾರಕ್ಕೆ. ಆಮೇಲೆ ಅವನು ಆ ಹೊರೆಯನ್ನು ತನ್ನ ಗಿರಾಕಿಯ ಮೇಲೆ ಹಾಕುತ್ತಾನೆ, ಇಲ್ಲವೇ ನಮ್ಮ ಕಡೆಯ ಮಾರಾಟಗಾರನಿಗೆ "ಬೆಲೆ ಇಳಿಸು" ಎನ್ನುತ್ತಾನೆ, ಇಲ್ಲವೇ ಬೇರೆ ದೇಶದಿಂದ ತರಿಸುತ್ತಾನೆ. ಮೂರನೆಯದು ನಮಗೆ ದೊಡ್ಡ ಪೆಟ್ಟು. ಶಿವಮೊಗ್ಗದ ಹೊರವಲಯದ ಮಾಚೇನಹಳ್ಳಿಯಲ್ಲಿ ಪರದೇಶಕ್ಕೆಂದು ಅಂಗಿ ಹೊಲಿಯುವ ಹೆಣ್ಣುಮಕ್ಕಳ ಕೆಲಸ, ಅಲ್ಲಿನ ಅಂಗಡಿಯವನು ಬಾಂಗ್ಲಾದೇಶ, ವಿಯೆಟ್ನಾಂ ಕಡೆ ಎಷ್ಟು ಸುಲಭವಾಗಿ ತಿರುಗಬಲ್ಲ ಎಂಬುದರ ಮೇಲೆ ನಿಂತಿರುತ್ತದೆ. ಆಗಸ್ಟಿನ ಶೇ. 50ರಲ್ಲಿ ಅರ್ಧ ಭಾಗ, ಭಾರತ ರಷ್ಯಾದ ತೈಲ ಕೊಳ್ಳುತ್ತದೆ ಎಂಬ ಕಾರಣಕ್ಕೆ ವಿಧಿಸಿದ್ದು. ಅಂಗಿಗೂ ತೈಲಕ್ಕೂ ಸಂಬಂಧವಿಲ್ಲ. ಒಂದನ್ನು ಹಿಡಿದು ಇನ್ನೊಂದನ್ನು ಎಳೆಯುವುದು ಈ ಆಟದ ರೀತಿಯೇ ಆಗಿದೆ. ಆ ನಂತರ ದರಗಳು ಮತ್ತೆ ಮತ್ತೆ ಚರ್ಚೆಗೆ ಬಂದಿರುವುದರಿಂದ ಇಲ್ಲಿ ಅಂಕಿಗಿಂತ ರೀತಿಯನ್ನು ಗಮನಿಸುವುದು ಮೇಲು.

ಬಲಾಢ್ಯನೇ ಹಿಂದೆ ಸರಿದ ಉದಾಹರಣೆ ಅದೇ ವರ್ಷ ಕಾಫಿಯಲ್ಲಿ ಸಿಕ್ಕಿತು. ಅಮೆರಿಕನ್ನರು ಕುಡಿಯುವ ಕಾಫಿಯ ಅಲ್ಪ ಭಾಗವಷ್ಟೇ ಹವಾಯಿ, ಪೋರ್ಟೊರಿಕೊಗಳಲ್ಲಿ ಬೆಳೆಯುತ್ತದೆ. ಉಳಿದದ್ದೆಲ್ಲ ಆಮದು, ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಬ್ರೆಜಿಲಿನದು. ಬ್ರೆಜಿಲಿನ ಮೇಲೆ ರಾಜಕೀಯ ಕಾರಣಕ್ಕೆ ಆಗಸ್ಟಿನಲ್ಲಿ ಶೇ. 50ರ ಸುಂಕ ಬಿತ್ತು. ಅಲ್ಲಿನ ಅಂಗಡಿಗಳಲ್ಲಿ ಕಾಫಿಪುಡಿಯ ಬೆಲೆ ಹಿಂದಿನ ವರ್ಷಕ್ಕಿಂತ ಶೇ. 20ರ ಆಸುಪಾಸಿನಷ್ಟು ಮೇಲೇರಿತು. ಬೆಳಗಿನ ಕಾಫಿಗೆ ಬದಲಿ ಎಲ್ಲಿದೆ? ನವೆಂಬರಿನಲ್ಲಿ ಅಮೆರಿಕ ಸರ್ಕಾರ ಕಾಫಿ, ಬಾಳೆಹಣ್ಣು ಮೊದಲಾದ ಆಹಾರ ಪದಾರ್ಥಗಳನ್ನು ಸುಂಕದಿಂದ ಹೊರಗಿಟ್ಟಿತು. ಕೊನೆಗೌಡನ ಫೋನು ನೆನಪಾಗಬೇಕಾದ ಜಾಗವಿದು.

ಕೊಪ್ಪ, ಮೂಡಿಗೆರೆಯ ಬೆಳೆಗಾರರಿಗೆ ಇದರಲ್ಲಿ ಹೊಸದೇನೂ ಇಲ್ಲ. ಐವತ್ತು ಕೆ.ಜಿ. ಚೀಲದ ಲೆಕ್ಕದಲ್ಲಿ ಅವರಿಗೆ ಸಿಗುವ ಅರೇಬಿಕಾ ಧಾರಣೆ ನ್ಯೂಯಾರ್ಕ್ ಮಾರುಕಟ್ಟೆಯನ್ನೂ ರೊಬಸ್ಟಾ ಧಾರಣೆ ಲಂಡನ್ ಮಾರುಕಟ್ಟೆಯನ್ನೂ ಹಿಂಬಾಲಿಸುತ್ತದೆ. 1975ರ ಜುಲೈನಲ್ಲಿ ಬ್ರೆಜಿಲಿನಲ್ಲಿ ಕಡು ಚಳಿಗೆ ಹಿಮ ಕವಿದು ಗಿಡಗಳು ಸುಟ್ಟಾಗ ಎರಡು ವರ್ಷದೊಳಗೆ ಜಗತ್ತಿನ ಕಾಫಿ ಬೆಲೆ ಹಲವು ಪಟ್ಟಾಯಿತು. ಆದರೆ ಹಿಮಕ್ಕಿಂತ ಕುತೂಹಲದ ಸಂಗತಿ 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ್ದು. ಯಾವ ದೇಶ ಎಷ್ಟು ಕಾಫಿ ಮಾರಬೇಕೆಂದು ಪಾಲು ನಿಗದಿ ಮಾಡಿ ಬೆಲೆ ಬೀಳದಂತೆ ನೋಡಿಕೊಳ್ಳುವ ವ್ಯವಸ್ಥೆಯದು. ಕಾಫಿ ಕೊಳ್ಳುವವರಲ್ಲೇ ದೊಡ್ಡವನಾದ ಅಮೆರಿಕ, ತಾನೇ ಹೆಚ್ಚು ಬೆಲೆ ತೆರಬೇಕಾದ ಇಂಥ ಒಪ್ಪಂದಕ್ಕೆ ಸಹಿ ಹಾಕಿದ್ದೇಕೆ? ಕ್ಯೂಬಾದ ಕ್ರಾಂತಿ ಆಗಷ್ಟೇ ನಡೆದಿತ್ತು. ಕಾಫಿ ಬೆಲೆ ಬಿದ್ದರೆ ಲ್ಯಾಟಿನ್ ಅಮೆರಿಕದ ಬಡ ರೈತರು ಕಮ್ಯುನಿಸಂ ಕಡೆ ವಾಲುತ್ತಾರೆಂಬ ಭಯ ಅಮೆರಿಕಕ್ಕಿತ್ತು. ಚಿಕ್ಕ ದೇಶಗಳ ಬಡತನವೇ ದೊಡ್ಡ ದೇಶವನ್ನು ಬಾಗಿಸಿದ ಪ್ರಸಂಗವೆಂದು ಇದನ್ನು ಓದಬಹುದು. ಶೀತಲ ಸಮರ ಮುಗಿಯುವ ಹೊತ್ತಿಗೆ ಆ ಭಯ ಇಳಿಯಿತು, ಆಸಕ್ತಿಯೂ ಇಳಿಯಿತು. 1989ರ ಜುಲೈನಲ್ಲಿ ಪಾಲಿನ ವ್ಯವಸ್ಥೆ ಮುರಿದುಬಿತ್ತು, ಬೆಲೆ ತಿಂಗಳುಗಳೊಳಗೆ ಅರ್ಧದ ಆಸುಪಾಸಿಗೆ ಇಳಿಯಿತು. ಎರಡು ವರ್ಷಗಳಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೂ ಒಡೆಯಿತು. ಬರ್ಲಿನ್ ಗೋಡೆಗೂ ಬಾಬಾಬುಡನ್‌ಗಿರಿಯ ತಪ್ಪಲಿಗೂ ನಂಟಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಗೋಧಿಯ ಹಡಗು

ಕೊಟ್ಟು ಒಲಿಸಿಕೊಳ್ಳುವ ದಾರಿಗೆ ಬರೋಣ. 1954ರಲ್ಲಿ ಅಮೆರಿಕ ಪಿ.ಎಲ್. 480 ಎಂಬ ಕಾನೂನು ಮಾಡಿ, ತನ್ನಲ್ಲಿ ಮಿಕ್ಕಿದ ಧಾನ್ಯವನ್ನು ಬಡ ದೇಶಗಳಿಗೆ ಸುಲಭ ಷರತ್ತಿನಲ್ಲಿ ಕೊಡತೊಡಗಿತು. 1956ರಲ್ಲಿ ಭಾರತವೂ ಒಪ್ಪಂದ ಮಾಡಿಕೊಂಡಿತು; ಡಾಲರಿನ ಬದಲು ರೂಪಾಯಿ ಕೊಟ್ಟರೆ ಸಾಕಿತ್ತು. ಇದರಲ್ಲಿ ದಾನವೂ ಇತ್ತು, ತಮ್ಮ ರೈತರ ಗೋಧಿಗೆ ಮಾರುಕಟ್ಟೆ ಹುಡುಕುವ ಲೆಕ್ಕವೂ ಇತ್ತು. 1965 ಮತ್ತು 1966ರಲ್ಲಿ ಸಾಲಾಗಿ ಮಳೆ ಕೈಕೊಟ್ಟಾಗ ದೇಶ ಹಡಗು ಬಂದರೆ ಊಟ ಎಂಬ ಸ್ಥಿತಿ ಮುಟ್ಟಿತು. ಆಗ ಅಧ್ಯಕ್ಷ ಜಾನ್ಸನ್ ವರ್ಷದ ಧಾನ್ಯವನ್ನು ಒಮ್ಮೆಗೇ ಮಂಜೂರು ಮಾಡದೆ ತಿಂಗಳು ತಿಂಗಳಿಗೆ ಅಳೆದು ಕೊಟ್ಟರು. ಭಾರತ ತನ್ನ ಕೃಷಿನೀತಿ ಬದಲಿಸಲಿ ಎಂಬುದು ಒಂದು ಉದ್ದೇಶ. ವಿಯೆಟ್ನಾಂ ಯುದ್ಧವನ್ನು ದೆಹಲಿ ಟೀಕಿಸುತ್ತಿದ್ದುದರ ಅಸಮಾಧಾನವೂ ಅದರಲ್ಲಿತ್ತು.

ಆ ಹಗ್ಗದ ಬಿಗಿ ಭಾರತವನ್ನು ದೋಟಿ ಹುಡುಕುವಂತೆ ಮಾಡಿತು. ಕೃಷಿ ಸಚಿವ ಸಿ. ಸುಬ್ರಮಣಿಯಂ ಅವರ ಕಾಲದಲ್ಲಿ, 1966ರಲ್ಲಿ, ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ಬಂತು. ಅದನ್ನು ರೂಪಿಸಿದ ನಾರ್ಮನ್ ಬೋರ್ಲಾಗ್ ಅಮೆರಿಕದವರೇ, ಹಣ ಕೊಟ್ಟ ರಾಕ್‌ಫೆಲರ್ ಪ್ರತಿಷ್ಠಾನವೂ ಅಲ್ಲಿಯದೇ ಎಂಬುದು ಈ ಕಥೆಯ ಸ್ವಾರಸ್ಯ. ಅದೇ ವರ್ಷ ಫಿಲಿಪ್ಪೀನ್ಸಿನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಐ.ಆರ್. 8 ತಳಿ ಮುಂದೆ ಕರ್ನಾಟಕದ ಗದ್ದೆಗಳಿಗೂ ಇಳಿಯಿತು. ಇಳುವರಿ ಏರಿತು, ಆದರೆ ಗಿಡ್ಡ ಪೈರಾದ್ದರಿಂದ ಹುಲ್ಲು ಕಡಿಮೆ. ದನಕ್ಕೂ ಮನೆಯ ಸೂರಿಗೂ ಉದ್ದ ಹುಲ್ಲನ್ನೇ ನಂಬಿದ್ದವರಿಗೆ ಅದು ಸಣ್ಣ ಕೊರತೆಯಾಗಿರಲಿಲ್ಲ.

ಗೋಧಿಗೆಂದು ಭಾರತ ಕೊಟ್ಟ ರೂಪಾಯಿ ಇಲ್ಲಿಯೇ ರಾಶಿಯಾಗಿ ಬಿದ್ದಿತ್ತು. 1974ರಲ್ಲಿ ಅಮೆರಿಕದ ರಾಯಭಾರಿ ಮೊಯ್ನಿಹನ್ 1,664 ಕೋಟಿ ರೂಪಾಯಿಗಳ ಚೆಕ್ ಬರೆದು ಅದರ ದೊಡ್ಡ ಭಾಗವನ್ನು ಭಾರತಕ್ಕೇ ಬಿಟ್ಟುಕೊಟ್ಟರು. ಅದಕ್ಕೂ ಮೊದಲು, 1960ರ ದಶಕದಿಂದಲೇ, ಈ ಹಣದ ಒಂದು ಪಾಲಿನಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳಿಸುತ್ತಿತ್ತು. ನಮ್ಮ ಹಸಿವಿನ ಹಣದಲ್ಲಿ ಕನ್ನಡ ಪುಸ್ತಕಗಳು ಅಮೆರಿಕದ ಗ್ರಂಥಾಲಯಗಳನ್ನು ಸೇರಿದವು. ಅಲ್ಲಿ ನಮ್ಮ ಭಾಷೆಗಳ ಅಧ್ಯಯನಕ್ಕೆ ಅವೂ ಬುನಾದಿಯಾದವು. ರಸ್ತೆಬದಿಯ ಕಾಂಗ್ರೆಸ್ ಗಿಡವೂ ಅದೇ ಗೋಧಿಯ ಜೊತೆ ಬಂತೆಂದು ಜನರ ನಂಬಿಕೆ. ಅದನ್ನು ತಿನ್ನಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆಯನ್ನು ತಂದದ್ದೂ ಮೆಕ್ಸಿಕೋದಿಂದಲೇ.

ಜ್ಞಾನವೂ ಪ್ರಭಾವದ ಒಂದು ದಾರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಕಾಡಿಗೆ ಹೋದವರೂ ಜ್ವರದಿಂದ ಮಲಗಿದಾಗ ವೈರಾಣುವನ್ನು ಗುರುತಿಸಿದ್ದು ಪುಣೆಯ ವೈರಾಣು ಸಂಶೋಧನಾ ಕೇಂದ್ರ. ಅದನ್ನು 1952ರಲ್ಲಿ ಕಟ್ಟಿದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅದೇ ರಾಕ್‌ಫೆಲರ್ ಪ್ರತಿಷ್ಠಾನ. ಆ ವೈರಾಣು ರಷ್ಯಾದಲ್ಲಿ ರಕ್ತ ಹೀರುವ ಉಣ್ಣೆ ಹುಳದಿಂದ ಹರಡುವ ಮಿದುಳು ಜ್ವರದ ವೈರಾಣುವಿನ ನೆಂಟನೆಂದು ತಿಳಿದದ್ದರಿಂದ, ಶೀತಲ ಸಮರದ ನಡುವೆ ನಮ್ಮ ಸೊರಬದ ಕಾಡು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ಮಂಗನ ಕಾಯಿಲೆ ಮಾತ್ರ ಇನ್ನೂ ಮಲೆನಾಡು ಬಿಟ್ಟು ಹೋಗಿಲ್ಲ.

ನೆರೆಯವರ ಕಣ್ಣಿಗೆ ನಾವೇ ದೊಡ್ಡವರು

ಇಷ್ಟು ಹೊತ್ತು ನಾವು ತೋಟದ ಕೆಳಮಗ್ಗುಲಿನವರ ಜಾಗದಲ್ಲಿ ನಿಂತು ನೋಡಿದೆವು. ಭೂತಾನಿನಿಂದ ನೋಡಿದರೆ ಪ್ರಬಲ ರಾಷ್ಟ್ರ ಭಾರತವೇ. ಭೂತಾನಿನ ಒಂದು ಗುಲ್ಟ್ರಮ್ ನಮ್ಮ ಒಂದು ರೂಪಾಯಿಗೆ ಸಮವೆಂದು ಕಟ್ಟಿಟ್ಟಿದ್ದಾರೆ, ಅಂದರೆ ಅವರಿಗೆ ನಮ್ಮ ರೂಪಾಯಿಯೇ ಡಾಲರ್. ಅವರ ಜಲವಿದ್ಯುತ್ತಿನ ದೊಡ್ಡ ಗಿರಾಕಿ ನಾವು.

2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಲು ಕೇಂದ್ರ ಅನುಮತಿ ಕೊಟ್ಟಾಗ ತೀರ್ಥಹಳ್ಳಿ, ಸಾಗರಗಳಲ್ಲಿ ಗದ್ದಲವೆದ್ದದ್ದು ಹಲವರಿಗೆ ನೆನಪಿರಬಹುದು. ಕನಿಷ್ಠ ಆಮದು ಬೆಲೆ ಎಂದರೆ, ಹೊರಗಿನ ಅಡಿಕೆ ಇಷ್ಟಕ್ಕಿಂತ ಅಗ್ಗವಾಗಿ ಒಳಗೆ ಬರಕೂಡದೆಂಬ ಗೆರೆ. 2023ರ ಫೆಬ್ರವರಿಯಲ್ಲಿ ಅದನ್ನು ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಲಾಯಿತು. ಅಷ್ಟು ಜೋಪಾನ ಮಾಡುವ ಸರ್ಕಾರವೇ ಪುಟ್ಟ ನೆರೆರಾಷ್ಟ್ರಕ್ಕೆ ಬಾಗಿಲು ತೆರೆದದ್ದೇಕೆ ಎಂಬ ಪ್ರಶ್ನೆಗೆ ನಕಾಶೆಯಲ್ಲಿ ಉತ್ತರದ ಸುಳಿವಿದೆ. ಭೂತಾನ್ ಇರುವುದು ಭಾರತ ಮತ್ತು ಚೀನಾಗಳ ನಡುವೆ. 2017ರಲ್ಲಿ ಎರಡೂ ಸೈನ್ಯಗಳು 73 ದಿನ ಎದುರುಬದುರು ನಿಂತ ಡೋಕ್ಲಾಂ ಭೂತಾನ್ ತನ್ನದೆನ್ನುವ ನೆಲ. ಅಂಥ ಜಾಗದಲ್ಲಿರುವ ಸ್ನೇಹಿತ ಸಣ್ಣವನಾದರೂ ಅವನ ಮಾತಿಗೆ ತೂಕ ಹೆಚ್ಚು. ಆ ತೂಕದ ಒಂದಷ್ಟು ಭಾರ ನಮ್ಮ ಅಡಿಕೆಯ ಮೇಲೆ ಬಿತ್ತು ಎಂಬುದು ಬೆಳೆಗಾರರ ದೂರು. ದೇಶದ ಒಟ್ಟು ಬೆಳೆಯ ಮುಂದೆ ಆ ಪ್ರಮಾಣ ಚಿಕ್ಕದು ಎಂಬುದೂ ನಿಜ.

ಶ್ರೀಲಂಕಾದ ಮೆಣಸಿನ ವಿಷಯ ಇದಕ್ಕೆ ಹತ್ತಿರದ್ದೇ. 2000ದಲ್ಲಿ ಜಾರಿಗೆ ಬಂದ ಮುಕ್ತ ವ್ಯಾಪಾರ ಒಪ್ಪಂದದಡಿ ಅಲ್ಲಿಂದ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಆ ದಾರಿಯಲ್ಲಿ ವಿಯೆಟ್ನಾಮಿನ ಅಗ್ಗದ ಮೆಣಸೂ ನುಸುಳುತ್ತದೆಂಬ ಬೆಳೆಗಾರರ ಆಕ್ಷೇಪದ ನಡುವೆ 2017ರ ಡಿಸೆಂಬರಿನಲ್ಲಿ ಕೆ.ಜಿ.ಗೆ 500 ರೂಪಾಯಿಗಳ ಕನಿಷ್ಠ ಆಮದು ಬೆಲೆ ಬಂತು. ನೆರೆಯವನನ್ನು ಬಿಗಿ ಹಿಡಿದರೆ ಏನಾಗುತ್ತದೆಂಬುದಕ್ಕೆ ನೇಪಾಳವನ್ನು ನೋಡಬಹುದು. 2015ರಲ್ಲಿ ಗಡಿಯಲ್ಲಿ ಸರಕು ನಿಂತು ಅಲ್ಲಿ ಪೆಟ್ರೋಲು, ಅನಿಲಕ್ಕೆ ಹಾಹಾಕಾರವೆದ್ದಿತು. ಅದು ಭಾರತದ ಅಘೋಷಿತ ದಿಗ್ಬಂಧನವೆಂದು ನೇಪಾಳ ಹೇಳಿತು, ಭಾರತ ಅಲ್ಲಗಳೆಯಿತು. ಮರುವರ್ಷ ನೇಪಾಳ ಚೀನಾದೊಡನೆ ಸರಕು ಸಾಗಣೆಯ ಒಪ್ಪಂದ ಮಾಡಿಕೊಂಡಿತು.

ಹೋದವರು, ಉಳಿದವರು

ಜನರೇ ಪ್ರಭಾವವನ್ನು ಹೊತ್ತೊಯ್ಯುವ ಬಗೆಯನ್ನು ಹೊಸನಗರ, ತೀರ್ಥಹಳ್ಳಿಯ ಒಂಟಿಮನೆಗಳಲ್ಲಿ ಉಳಿದಿರುವ ಹಿರಿಯ ದಂಪತಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕ ವರ್ಷಕ್ಕೆ ಕೊಡುವ ಎಚ್-1ಬಿ ಎಂಬ 85,000 ಹೊಸ ಉದ್ಯೋಗ ವೀಸಾಗಳ ಸುತ್ತ ಎಷ್ಟೋ ಮನೆಗಳ ಲೆಕ್ಕಾಚಾರ ನಡೆಯುತ್ತದೆ. ಈ ವೀಸಾ ಪಡೆಯುವವರಲ್ಲಿ ಹತ್ತಕ್ಕೆ ಏಳು ಮಂದಿ ಭಾರತೀಯರು. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕವೆಂಬ ಘೋಷಣೆ ಬಂದ ರಾತ್ರಿ ಮಲೆನಾಡಿನ ಹಲವು ಮನೆಗಳ ದೀಪ ಆರಿರಲಾರದು. ಅಲ್ಲಿಂದ ಬಂದ ಹಣ ಇಲ್ಲಿನ ತೋಟಕ್ಕೆ ಸ್ಪ್ರಿಂಕ್ಲರ್ ಆಗಿದೆ. ಇಲ್ಲಿ ಓದಿದ ಎಂಜಿನಿಯರು ಅಲ್ಲಿನ ಕಂಪನಿಯ ಕೆಲಸ ನಡೆಸುತ್ತಾನೆ. ವಿಚಾರಗಳೂ ಹೀಗೆಯೇ ಸುತ್ತುತ್ತವೆ. ಅಮೆರಿಕದ ಚಿಂತಕ ಥೋರೋ ಭಗವದ್ಗೀತೆಯನ್ನು ಓದಿದ, ಥೋರೋವನ್ನು ಗಾಂಧೀಜಿ ಓದಿದರು, ಗಾಂಧೀಜಿಯ ದಾರಿಯನ್ನು ಅರಿಯಲೆಂದು ಅಮೆರಿಕದ ಕಪ್ಪು ಜನರ ನಾಯಕ ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಭಾರತಕ್ಕೆ ಬಂದರು.

ಮೈಲುತುತ್ತದ ದಾರಿ

ಜಗಲಿಯ ಆ ಹಿರಿಯರ ಪ್ರಶ್ನೆಗೆ ಅಡಿಕೆ ತೋಟದೊಳಗಿನ ಉತ್ತರವೊಂದು ಬಾಕಿಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಬಂದ ಕೀಟವೊಂದು ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ನಾಶ ಮಾಡಿತು. ಅದನ್ನು ತಡೆಯಬಲ್ಲ ಬಳ್ಳಿಗಳನ್ನು ಅಮೆರಿಕದಿಂದಲೇ ತರಿಸಿದರು. ಅವುಗಳ ಜೊತೆ ಬೂಜುರೋಗವೂ ಬಂತು. ಬೋರ್ಡೊ ಪ್ರಾಂತದ ರೈತರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗೆ ಸುಣ್ಣ, ಮೈಲುತುತ್ತ ಬೆರೆಸಿ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದಿರುವುದನ್ನು ಕಂಡ ವಿಜ್ಞಾನಿ ಮಿಲಾರ್ದೆ 1885ರಲ್ಲಿ ಆ ದ್ರಾವಣವನ್ನು ಜಗತ್ತಿಗೆ ತಿಳಿಸಿದ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ನಮ್ಮ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಬರೆದರು. ಅಡಿಕೆ ಕೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಕಾಯುತ್ತಿದ್ದ ಮಲೆನಾಡಿನ ತೋಟಗಳಿಗೆ ಬೋರ್ಡೊ ದ್ರಾವಣ ಬಂದದ್ದು ಅವರಿಂದ.

ಮೈಲುತುತ್ತದ ಮೂಲ ತಾಮ್ರ. ಅದನ್ನು ಅತಿ ಹೆಚ್ಚು ಅಗೆಯುವ ದೇಶ ಚಿಲಿ, ಬೆಲೆ ಕೂಗುವುದು ಲಂಡನ್ ಮತ್ತು ನ್ಯೂಯಾರ್ಕ್. 2025ರ ಜುಲೈ ಕೊನೆಯಲ್ಲಿ ಅಮೆರಿಕ ತನ್ನ ತಾಮ್ರದ ಸುಂಕದಿಂದ ಸಂಸ್ಕರಿಸಿದ ತಾಮ್ರವನ್ನು ಹೊರಗಿಟ್ಟಾಗ ನ್ಯೂಯಾರ್ಕಿನ ಧಾರಣೆ ಒಂದೇ ದಿನದಲ್ಲಿ ಐದನೇ ಒಂದು ಭಾಗದಷ್ಟು ಕುಸಿಯಿತು. ಅದು ನಮ್ಮಲ್ಲಿ ಎರಡನೇ ಸಿಂಪಡಣೆಯ ಹೊತ್ತು. ಮಳೆ ಬಿಟ್ಟ ಬೆಳಗಿನಲ್ಲಿ ಡ್ರಮ್ಮಿನ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣದ ಲೆಕ್ಕದಲ್ಲಿ ಕದಡಿ, ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗು ಕೆಂಪಗಾದರೆ ತಾಮ್ರ ಹೆಚ್ಚಾಗಿದೆ ಎಂದರ್ಥ; ಇನ್ನೊಂದು ಹಿಡಿ ಸುಣ್ಣ ಬೀಳುತ್ತದೆ.